ಬಂಡ್ರಿಯ ವೆಲ್ಡಿಂಗ್ ಅಂಗಡಿಯಲ್ಲಿ ವ್ಯಾನ್ ಡರ್ ವಾಲ್ಸ್

"ಇದರಾಗ ಎಷ್ಟು ಆಕ್ಸಿಜನ್ ಐತಿ, ಲೆಕ್ಕ ಮಾಡಿ ಹೇಳು ನೋಡಾನ" ಎಂದರು ಮಾವ, ಗೋಡೆಗೆ ಸರಪಳಿ ಹಾಕಿ ನಿಲ್ಲಿಸಿದ್ದ ಕಪ್ಪು ಸಿಲಿಂಡರನ್ನು ತಟ್ಟುತ್ತ.

"ಹೆಗಲ ಮ್ಯಾಲೆ ಹೊಡೆದಾರಲ್ಲ ಮಾವ, 46.7 ಲೀಟರ್ ಅಂತ. ಅಷ್ಟು ನೀರು ಹಿಡಿಯೋ ಜಾಗ. ಗೇಜು 150 ಬಾರ್ ತೋರಿಸ್ತೈತಿ. ಒಳಗಿರೋದನ್ನೆಲ್ಲ ಹೊರಗ ಬಿಟ್ರ 46.7ಕ್ಕ 150 ಗುಣಿಸಬೇಕು. ಏಳು ಸಾವಿರ ಲೀಟರು, ಅಂದ್ರ ಏಳು ಕ್ಯೂಬಿಕ್ ಮೀಟರ್."

"ಸರಿ ಆತು ಬಿಡು. ಬಿಲ್ಲಿನಾಗೂ ಏಳು ಕ್ಯೂಬಿಕ್ ಅಂತನ ಐತಿ."

"ಬಿಲ್ಲಿನಾಗ ಅಷ್ಟೈತಿ. ಸಿಲಿಂಡರಿನಾಗ ಅದಕ್ಕಿಂತ ಜಾಸ್ತಿ ಐತಿ."

ಮಾವ ತಿರುಗಿ ನೋಡಿದರು. ಗ್ಯಾಸು ಕಡಿಮೆ ಬಂತೆಂಬ ಜಗಳ ಈ ಕಸುಬಿನಲ್ಲಿ ಹೊಸದಲ್ಲ. ಕೊಟ್ಟ ದುಡ್ಡಿಗಿಂತ ಹೆಚ್ಚು ಬಂದಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಬಂಡ್ರಿ ಇರುವುದು ಬಳ್ಳಾರಿ ಜಿಲ್ಲೆಯ ಸಂಡೂರು ತಾಲ್ಲೂಕಿನಲ್ಲಿ. ಅದಿರಿನ ಸೀಮೆಯ ಇಂಥ ಊರುಗಳಲ್ಲಿ ವೆಲ್ಡಿಂಗ್ ಅಂಗಡಿಗೆ ಕೆಲಸದ ಬರ ಇಲ್ಲ. ಟ್ರ್ಯಾಕ್ಟರ್ ಟ್ರೇಲರಿನ ಮುರಿದ ಕೊಂಡಿ, ಮನೆಯ ಗೇಟು, ಸವೆದ ನೇಗಿಲು, ಟಿಪ್ಪರಿನ ಸೀಳಿದ ತಗಡು, ಎಲ್ಲ ಇಲ್ಲಿಗೇ ಬರುತ್ತವೆ. ಮಾವನ ಅಂಗಡಿಯಲ್ಲಿ ಆಕ್ಸಿಜನ್ ಇದೆ, ಅಡುಗೆ ಅನಿಲದ ಜಾತಿಯದೇ ಆದ ಎಲ್‌ಪಿಜಿ ಇದೆ, ಹೊಸದಾಗಿ ತಂದ ಮಿಗ್ ವೆಲ್ಡಿಂಗ್ ಮಷೀನಿಗೆ ಇಂಗಾಲದ ಡೈಆಕ್ಸೈಡ್ (ಸಿಓಟು) ಇದೆ. ಲೆಕ್ಕ ಹೇಳುತ್ತಿರುವ ಅವರ ಅಕ್ಕನ ಮಗಳು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಾಳೆ, ರಜೆಗೆ ಬಂದಿದ್ದಾಳೆ. ಪುಸ್ತಕದಲ್ಲಿ 'ನೈಜ ಅನಿಲಗಳ ವಿಚಲನೆ' ಎಂಬ ಶೀರ್ಷಿಕೆಯಡಿ ಎರಡು ಪುಟಕ್ಕೆ ಮುಗಿಯುವ ಸಂಗತಿ ಮಾವನ ಅಂಗಡಿಯಲ್ಲಿ ಮೂರು ಸಿಲಿಂಡರುಗಳಾಗಿ ನಿಂತಿದೆ ಎಂಬುದು ಅವಳಿಗೆ ಈಗ ಹೊಳೆದದ್ದು.

"ಎಷ್ಟು ಜಾಸ್ತಿ?"

"ರೂಪಾಯಿಗೆ ಐದು ಪೈಸೆ. ಏಳು ಸಾವಿರ ಅಂದ್ಕೊಂಡದ್ದು 7,350ರ ಹತ್ರ ಇರ್ತೈತಿ."

"ಅಂದ್ರ ನೀ ಮಾಡಿದ ಲೆಕ್ಕ ತಪ್ಪು."

"ಲೆಕ್ಕ ತಪ್ಪಲ್ಲ, ಸೂತ್ರ ಇಂಥ ಒತ್ತಡಕ್ಕ ಹೇಳಿ ಮಾಡಿಸಿದ್ದಲ್ಲ."

ಸೂತ್ರ ಹಳೆಯದು. ಅನಿಲವನ್ನು ಎರಡು ಪಟ್ಟು ಒತ್ತಿದರೆ ಅರ್ಧ ಜಾಗಕ್ಕೆ ಇಳಿಯುತ್ತದೆ ಎಂದು ರಾಬರ್ಟ್ ಬಾಯ್ಲ್ 1662ರಲ್ಲಿ ಪ್ರಕಟಿಸಿದ. ಗಾಜಿನ ಬಾಗಿದ ನಳಿಗೆ, ಪಾದರಸ, ಅಳತೆಪಟ್ಟಿ ಇಷ್ಟೇ ಅವನ ಸರಂಜಾಮು, ವಾತಾವರಣದ ಕೆಲವೇ ಪಟ್ಟು ಒತ್ತಡ ಅವನ ಮಿತಿ. ಆ ಮಿತಿಯೊಳಗೆ ನಿಯಮ ಚೆನ್ನಾಗಿಯೇ ನಡೆಯುತ್ತದೆ. ಹೆದ್ದಾರಿ ಪಕ್ಕದ ಪಂಕ್ಚರ್ ಅಂಗಡಿಯವನಿಗೆ ಇವತ್ತಿಗೂ ಅಷ್ಟೇ ಸಾಕು. ಬೆಳಿಗ್ಗೆ 30 ಡಿಗ್ರಿಯಲ್ಲಿ 100 ಪಿಎಸ್‌ಐ ಹಿಡಿಸಿದ ಲಾರಿ ಟೈರು ಮಧ್ಯಾಹ್ನ ರಸ್ತೆಯ ಕಾವಿಗೆ 60 ಡಿಗ್ರಿಗೆ ಏರಿದರೆ ಗೇಜು 111ರ ಸುಮಾರಿಗೆ ಹೋಗುತ್ತದೆ ಎಂದು, ಉಷ್ಣತೆಯನ್ನೂ ಸೇರಿಸಿಕೊಂಡ ಸೂತ್ರ ಹೇಳುತ್ತದೆ. ಗಾಳಿಯ ನಡತೆ ಸೂತ್ರದಿಂದ ಇಲ್ಲಿ ದೂರ ಸರಿಯುವುದು ಸಾವಿರಕ್ಕೆ ಒಂದೆರಡು ಪಾಲು ಮಾತ್ರ. ಯಾವ ಪಂಕ್ಚರ್ ಅಂಗಡಿಯ ಗೇಜೂ ಅಷ್ಟು ಸೂಕ್ಷ್ಮ ತೋರಿಸುವುದಿಲ್ಲ.

"ಟೈರಿನಾಗ ನಡಿಯೋದು ಸಿಲಿಂಡರಿನಾಗ ಯಾಕ ನಡಿಯಂಗಿಲ್ಲ? ಗಾಳಿ ಗಾಳಿನ ಅಲ್ಲೇನು?"

"ಸೂತ್ರದಾಗ ಎರಡು ಸುಳ್ಳು ಅದಾವ ಮಾವ. ಒಂದು, ಕಣಗಳಿಗೆ ಗಾತ್ರನ ಇಲ್ಲ ಅಂತ. ಎರಡು, ಒಂದಕ್ಕೊಂದು ಸಂಬಂಧನ ಇಲ್ಲ, ಎಳಿಯಂಗಿಲ್ಲ, ತಳ್ಳಂಗಿಲ್ಲ ಅಂತ. ಕಣಗಳು ದೂರ ದೂರ ಇದ್ದಾಗ ಎರಡೂ ಸುಳ್ಳು ನಡೀತಾವ."

ಎಷ್ಟು ದೂರ ಎಂಬುದನ್ನು ಲೆಕ್ಕ ಹಾಕಬಹುದು. ಹೊರಗಿನ ಗಾಳಿಯಲ್ಲಿ ಒಂದು ಕಣಕ್ಕೂ ಇನ್ನೊಂದಕ್ಕೂ ನಡುವೆ ಸರಾಸರಿ 3.4 ನ್ಯಾನೋಮೀಟರ್ ಅಂತರ. ಆಕ್ಸಿಜನ್ ಕಣದ ಅಗಲ ಅದರ ಹತ್ತನೇ ಒಂದು ಪಾಲು. 150 ವಾತಾವರಣಕ್ಕೆ ಒತ್ತಿದಾಗ ಅಂತರ ಐದು ಪಟ್ಟಿಗಿಂತ ಹೆಚ್ಚು ಕುಗ್ಗಿ 0.65 ನ್ಯಾನೋಮೀಟರಿಗೆ ಇಳಿಯುತ್ತದೆ. ಕಣದ ಅಗಲದ ಎರಡು ಪಟ್ಟೂ ಇಲ್ಲ. ಇಷ್ಟು ಹತ್ತಿರ ಬಂದ ಮೇಲೆ ಪಕ್ಕದ ಕಣದ ಹಂಗಿಲ್ಲದೆ ಇರಲು ಸಾಧ್ಯವೇ ಇಲ್ಲ.

"ಎಳೆದ್ರ ಏನಾಗ್ತೈತಿ?"

"ಒತ್ತಡ ಅಂದ್ರ ಏನು, ಕಣ ಹೋಗಿ ಗೋಡೆಗೆ ಬಡಿಯೋದು. ಗೋಡೆ ಹತ್ರ ಬಂದ ಕಣಕ್ಕ ಮುಂದ ಯಾರೂ ಇರಂಗಿಲ್ಲ, ಹಿಂದ ಎಲ್ಲಾರೂ ಇರ್ತಾರ. ಸಂತಿಯಾಗ ಬಸ್ಸಿಗೆ ಓಡೋರನ್ನ ಹಿಂದಿಂದ ಮಕ್ಕಳು ಸೆರಗು ಹಿಡಿದು ಜಗ್ಗಿದಂಗ ಆಗ್ತೈತಿ. ಬಡಿತದ ಜೋರು ತಗ್ಗಿತು, ಒತ್ತಡ ಕಮ್ಮಿ ಆತು. ಗೇಜು 150 ಮುಟ್ಟಬೇಕಂದ್ರ ಇನ್ನಷ್ಟು ಗ್ಯಾಸು ತುಂಬಬೇಕು. ನಿನ್ನ ಐದು ಪೈಸೆ ಬಂದದ್ದು ಅಲ್ಲಿಂದ."

"ಹಂಗಾದ್ರ ಇನ್ನೂ ಒತ್ತಿದ್ರ ಇನ್ನೂ ಲಾಭ."

"ಇಲ್ಲ. ಅಲ್ಲಿ ಮೊದಲನೇ ಸುಳ್ಳು ಬಯಲಿಗೆ ಬರ್ತೈತಿ."

ಅವಳು ಹೇಳಿದ್ದು ಆಕ್ಸಿಜನ್ನಿನ ಅಳತೆಗಳಲ್ಲಿ ಕಾಣುತ್ತದೆ. ಒಂದೇ ಒತ್ತಡದಲ್ಲಿ ನಿಜವಾದ ಅನಿಲ ಹಿಡಿಯುವ ಜಾಗಕ್ಕೂ ಸೂತ್ರದ ಅನಿಲ ಹಿಡಿಯುವ ಜಾಗಕ್ಕೂ ಇರುವ ಅನುಪಾತವನ್ನು ಎಂಜಿನಿಯರುಗಳು 'ಝೆಡ್' ಎಂದು ಕರೆಯುತ್ತಾರೆ. ಸೂತ್ರ ಪಾಲಿಸಿದರೆ ಅದು 1. ಆಕ್ಸಿಜನ್ನಿಗೆ 27 ಡಿಗ್ರಿಯಲ್ಲಿ, 100 ಬಾರ್‌ನಲ್ಲಿ ಅದು 0.954. 200ರಲ್ಲಿ 0.956. 300ರಲ್ಲಿ 0.997. 400ರಲ್ಲಿ 1.07ರ ಹತ್ತಿರ. ಮೊದಲು ಎಳೆತ ಮೇಲುಗೈ, ಆಮೇಲೆ ಕಣಗಳ ಮೈಗಾತ್ರವೇ ಅಡ್ಡ ಬಂದು ಇನ್ನು ಒತ್ತಬೇಡ ಎನ್ನುತ್ತದೆ. ನಡುವೆ 300ರ ಸುಮಾರಿಗೆ ಅನಿಲ ಮತ್ತೆ ಸೂತ್ರಕ್ಕೆ ಶರಣಾದಂತೆ ಕಾಣುವುದು ಬರೀ ನೋಟ. ಅಲ್ಲಿ ಎರಡು ತಪ್ಪುಗಳು ಒಂದನ್ನೊಂದು ವಜಾ ಮಾಡಿರುತ್ತವೆ. ಪರೀಕ್ಷೆಯಲ್ಲಿ ಹೀಗೆ ಸರಿ ಉತ್ತರ ಬರಿಸಿದ ಹುಡುಗರಿಗೆ ಮೇಷ್ಟ್ರು ಅಂಕ ಕೊಡುವುದಿಲ್ಲ.

ಈ ತಿರುವನ್ನು ಅಳೆದವರಲ್ಲಿ ಎಮಿಲ್ ಅಮಗಾ ಎಂಬ ಫ್ರೆಂಚ್ ವಿಜ್ಞಾನಿಯ ಸಾಹಸ ಗಣಿ ನಾಡಿನವರಿಗೆ ಇಷ್ಟವಾಗಬೇಕು. ಒತ್ತಡವನ್ನು ನಂಬುವಂತೆ ಅಳೆಯಲು ಆಗ ಇದ್ದ ದಾರಿ ಪಾದರಸದ ಕಂಬ. ಒಂದು ವಾತಾವರಣಕ್ಕೆ 76 ಸೆಂಟಿಮೀಟರ್. 400 ವಾತಾವರಣ ಬೇಕೆಂದರೆ 300 ಮೀಟರಿಗೂ ಎತ್ತರದ ಕಂಬ ನಿಲ್ಲಿಸಬೇಕು. ಅಂಥ ಗೋಪುರ ಎಲ್ಲಿಂದ ತರುವುದು? 1870ರ ದಶಕದಲ್ಲಿ ಅಮಗಾ ಸೇಂತ್ ಎತಿಯೆನ್ ಬಳಿಯ ಕಲ್ಲಿದ್ದಲು ಗಣಿಯೊಂದರ 327 ಮೀಟರ್ ಆಳದ ಬಾವಿಯಲ್ಲಿ ಉಕ್ಕಿನ ನಳಿಗೆ ಇಳಿಬಿಟ್ಟು, ಅದಕ್ಕೆ ಪಾದರಸ ತುಂಬಿ, ತಳದಲ್ಲಿ 430 ವಾತಾವರಣ ಪಡೆದ.

"ನಮ್ಮ ಕಡಿ ಆಗ್ತಿರಲಿಲ್ಲ" ಎಂದರು ಮಾವ. "ದೋಣಿಮಲೈ ಗಣಿಯಾಗ ಬಾವಿ ತೋಡಂಗಿಲ್ಲ, ಗುಡ್ಡಾನ ಮ್ಯಾಲಿಂದ ಮೆಟ್ಟಿಲು ಮೆಟ್ಟಿಲು ಕಡದು ತೆಗೀತಾರ."

ಎರಡೂ ತಪ್ಪುಗಳನ್ನು ಒಂದೇ ಸಮೀಕರಣದಲ್ಲಿ ತಿದ್ದಿದವನು ಯೊಹಾನೆಸ್ ವ್ಯಾನ್ ಡರ್ ವಾಲ್ಸ್. 1837ರಲ್ಲಿ ಹಾಲೆಂಡಿನ ಲೈಡನ್‌ನಲ್ಲಿ ಬಡಗಿಯೊಬ್ಬನ ಮನೆಯಲ್ಲಿ ಹುಟ್ಟಿದವನು, ಶಾಲಾ ಮೇಷ್ಟ್ರಾದವನು. ಲ್ಯಾಟಿನ್, ಗ್ರೀಕ್ ಕಲಿತಿರಲಿಲ್ಲವೆಂದು ವಿಶ್ವವಿದ್ಯಾಲಯದ ಪರೀಕ್ಷೆಗೆ ಬಹುಕಾಲ ಅವಕಾಶ ಸಿಗಲಿಲ್ಲ. ನಿಯಮ ಸಡಿಲವಾದ ಮೇಲೆ, 1873ರಲ್ಲಿ, ಪ್ರಬಂಧ ಒಪ್ಪಿಸಿದ. ಅದನ್ನು ಓದುವುದಕ್ಕಾಗಿಯೇ ಒಬ್ಬರಿಗಿಂತ ಹೆಚ್ಚು ಮಂದಿ ಡಚ್ ಭಾಷೆಯತ್ತ ಗಮನ ಹರಿಸಿದ್ದಾರೆ ಎಂದು ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ ಮೆಚ್ಚಿ ಬರೆದ. ನೊಬೆಲ್ ಬಂದದ್ದು 1910ರಲ್ಲಿ. ಅವನ ತಿದ್ದುಪಡಿ ಇಷ್ಟೇ: ಒತ್ತಡಕ್ಕೆ ಎಳೆತದ ಬಾಬ್ತು ಒಂದಿಷ್ಟು ಕೂಡಿಸು, ಜಾಗದಿಂದ ಕಣಗಳ ಮೈಗಾತ್ರದ ಬಾಬ್ತು ಒಂದಿಷ್ಟು ಕಳೆ. ಉಳಿದಂತೆ ಹಳೆಯ ಸೂತ್ರವೇ. ಎಳೆತದ ಅಂಕಿಗೆ ಎ, ಗಾತ್ರದ ಅಂಕಿಗೆ ಬಿ, ಪ್ರತಿ ಅನಿಲಕ್ಕೂ ಬೇರೆ ಬೇರೆ. ಹೀಲಿಯಮ್ಮಿನ ಎ 0.035. ಆಕ್ಸಿಜನ್ನಿಗೆ 1.38, ಇಂಗಾಲದ ಡೈಆಕ್ಸೈಡಿಗೆ 3.6ರ ಮೇಲೆ. ಅದೇ ಬಿ ನೋಡಿದರೆ ಇವೆಲ್ಲದರ ನಡುವೆ ಎರಡು ಪಟ್ಟಿನ ವ್ಯತ್ಯಾಸವೂ ಇಲ್ಲ. ಅನಿಲ ಅನಿಲಕ್ಕೆ ಸ್ವಭಾವ ಬದಲಾಗುವುದು ಬಹುಪಾಲು ಎಳೆತದಿಂದ.

ಮಾವನಿಗೆ ಎ, ಬಿಗಳಲ್ಲಿ ಆಸಕ್ತಿ ಹುಟ್ಟಲಿಲ್ಲ. ಐದು ಪೈಸೆಯ ವ್ಯತ್ಯಾಸಕ್ಕೆ ಇಷ್ಟೆಲ್ಲ ಯಾಕೆ ಎಂದು ಅವರ ಮುಖವೇ ಕೇಳುತ್ತಿತ್ತು. ಆಗ ಅವಳು ಮನೆಯ ಅಡುಗೆ ಸಿಲಿಂಡರಿಗೆ ಬಂದಳು, ಮಾತಿಗೆ ನಿಜವಾದ ತೂಕ ಬಂದದ್ದು ಅಲ್ಲಿ.

"ಮನಿ ಸಿಲಿಂಡರಿನಾಗ ಗ್ಯಾಸು ಎಷ್ಟು?"

"14.2 ಕೇಜಿ. ಅದು ಸಣ್ಣ ಹುಡುಗರಿಗೂ ಗೊತ್ತು."

"ಒಳಗ ಜಾಗ 33 ಲೀಟರು ಚಿಲ್ಲರೆ. ಇಷ್ಟು ಗ್ಯಾಸು ಅಷ್ಟು ಜಾಗದಾಗ, 30 ಡಿಗ್ರಿಯಾಗ, ಸೂತ್ರದ ಪ್ರಕಾರ ನಡಕೊಂಡಿದ್ರ ಒತ್ತಡ ಎಷ್ಟಿರಬೇಕು ಅಂತ ಲೆಕ್ಕ ಹಾಕೀನಿ. 200 ಬಾರ್ ದಾಟ್ತೈತಿ."

ಮಾವ ನಕ್ಕರು. "ಇನ್ನೂರಾ? ಆ ತಗಡು ನೋಡೀಯೇನು? ಮೂರು ಎಂಎಂ ಸುಮಾರು ಇರ್ತೈತಿ. ನನ್ನ ಆಕ್ಸಿಜನ್ ಸಿಲಿಂಡರು ನೂರೈವತ್ತಕ್ಕ ಇಷ್ಟು ದಪ್ಪ ಐತಿ, ಖಾಲಿ ಇದ್ರೂ ಇಬ್ಬರು ಬೇಕು ಎತ್ತಾಕ. ಇನ್ನೂರಕ್ಕ ಮನಿ ಸಿಲಿಂಡರು ಚಿಂದಿ ಆಗ್ತೈತಿ."

"ಅದಕ್ಕ. ನಿಜವಾಗ್ಲೂ ಅದರಾಗ ಇರೋದು ನಾಕರಿಂದ ಎಂಟು ಬಾರು, ಅಷ್ಟ."

ಈ ಲೆಕ್ಕದ ಮುಂದೆ ಸ್ವಲ್ಪ ನಿಲ್ಲಬೇಕು. ಎಲ್‌ಪಿಜಿ ಎಂದರೆ ಪ್ರೊಪೇನ್ ಮತ್ತು ಬ್ಯುಟೇನ್‌ಗಳ ಮಿಶ್ರಣ. ಕಣಗಳು ದೊಡ್ಡವು, ಒಂದನ್ನೊಂದು ಎಳೆಯುವ ಬಲವೂ ಜೋರು. ಬೇಸಿಗೆಯ ಸೆಕೆಯಲ್ಲೂ ಕೆಲವೇ ಬಾರ್ ಒತ್ತಿದರೆ ಸಾಕು, ಪರಸ್ಪರ ಹಿಡಿದುಕೊಂಡು ದ್ರವವಾಗಿ ತಳಕ್ಕೆ ಇಳಿಯುತ್ತವೆ. ಸೂತ್ರವನ್ನು ತಪ್ಪದೆ ಪಾಲಿಸುವ ಆದರ್ಶ ಅನಿಲವನ್ನು ಎಷ್ಟು ಒತ್ತಿದರೂ, ಎಷ್ಟು ತಣ್ಣಗೆ ಮಾಡಿದರೂ ದ್ರವವಾಗುವುದಿಲ್ಲ. ಎಳೆತವೇ ಇಲ್ಲದ ಕಣಗಳು ಒಟ್ಟುಗೂಡಲು ಕಾರಣವೇ ಇಲ್ಲ. ಅಂದರೆ ಅನಿಲ ಪುಸ್ತಕದ ಸೂತ್ರವನ್ನು ಶಿಸ್ತಾಗಿ ಪಾಲಿಸಿದ್ದರೆ ಬಂಡ್ರಿಯ ಪ್ರತಿ ಅಡುಗೆಮನೆಗೂ ವೆಲ್ಡಿಂಗ್ ಅಂಗಡಿಯ ಜಂಬೋ ಆಕ್ಸಿಜನ್ ಸಿಲಿಂಡರಿಗಿಂತ ಗಟ್ಟಿಯಾದ ಉಕ್ಕಿನ ಪೀಪಾಯಿ ಹೊರಬೇಕಾಗುತ್ತಿತ್ತು. ಇಲ್ಲಿ ವಿಚಲನೆ ಶೇಕಡಾ ಐದಲ್ಲ. ನಿಜವಾದ ಒತ್ತಡ ಸೂತ್ರದ ಒತ್ತಡದ ಮೂವತ್ತನೇ ಒಂದು ಪಾಲಿಗೆ ಇಳಿದಿದೆ. ಪಠ್ಯಪುಸ್ತಕ ಇದನ್ನು ಅಧ್ಯಾಯದ ಕೊನೆಯ ತಿದ್ದುಪಡಿಯಂತೆ ಹೇಳುವುದು ಅನ್ಯಾಯ. ಗ್ಯಾಸಿನ ವ್ಯಾಪಾರ ನಿಂತಿರುವುದೇ ಈ ತಪ್ಪು ನಡತೆಯ ಮೇಲೆ.

"ನನ್ನ ಆಕ್ಸಿಜನ್ನಿಗೆ ಗೇಜ್ ಐತಿ, ಖರ್ಚಾದಂಗ ಮುಳ್ಳು ಇಳೀತೈತಿ. ಮನಿ ಸಿಲಿಂಡರಿಗೆ ಯಾಕ ಗೇಜ್ ಹಾಕಂಗಿಲ್ಲ? ನಿಮ್ಮ ಅತ್ತಿ ಅಲ್ಲಾಡಿಸಿ ನೋಡ್ತಾಳ."

"ಹಾಕಿದ್ರೂ ಉಪಯೋಗಿಲ್ಲ. ಒಳಗ ದ್ರವ ಒಂದು ಬಟ್ಟಲು ಉಳಿದಿದ್ರೂ ಒತ್ತಡ ಹೆಚ್ಚುಕಮ್ಮಿ ಅಷ್ಟ ಇರ್ತೈತಿ. ಮುಳ್ಳು ನಿಂತಲ್ಲೇ ನಿಂತಿರ್ತೈತಿ, ಒಮ್ಮೆಲೆ ಬೀಳ್ತೈತಿ, ಅಷ್ಟೊತ್ತಿಗೆ ಅರ್ಧ ಬೆಂದ ಬೇಳೆ ಒಲಿ ಮ್ಯಾಲಿರ್ತೈತಿ."

ಅತ್ತೆಯಂಥವರ ಇನ್ನೊಂದು ಉಪಾಯ ಹೆಚ್ಚು ಶಾಸ್ತ್ರೀಯ. ಒದ್ದೆ ಬಟ್ಟೆಯನ್ನು ಸಿಲಿಂಡರಿನ ಮೈಗೆ ಒಮ್ಮೆ ಸವರಿ ಬಿಡುವುದು. ದ್ರವ ಇರುವಷ್ಟು ಎತ್ತರದ ತನಕ ತೇವ ನಿಧಾನ ಆರುತ್ತದೆ, ಮೇಲಿನ ಭಾಗ ಬೇಗ ಒಣಗುತ್ತದೆ. ನಡುವಿನ ಗೆರೆಯೇ ಗ್ಯಾಸಿನ ಮಟ್ಟ. ಹೊಸ ಸಿಲಿಂಡರಿನಲ್ಲೂ ಆ ಗೆರೆ ಕುತ್ತಿಗೆಯವರೆಗೆ ಬರುವುದಿಲ್ಲ. ದ್ರವ ಬಿಸಿಗೆ ಉಬ್ಬುತ್ತದೆಂದು ಐದನೇ ಒಂದು ಪಾಲು ಜಾಗ ಬಿಟ್ಟೇ ತುಂಬಿರುತ್ತಾರೆ.

ವಗ್ಗರಣಿ-ಮಿರ್ಚಿಯ ಹೋಟೆಲಿನಲ್ಲಿ ದೊಡ್ಡ ಒಲೆಗಳು ಒಟ್ಟಿಗೆ ಉರಿಯುವಾಗ ಸಿಲಿಂಡರಿನ ಹೊರಮೈ ಬೆವರುವುದೂ ಇದೇ ಎಳೆತದ ಕೆಲಸ. ಹಿಡಿದುಕೊಂಡ ಕಣಗಳನ್ನು ಬಿಡಿಸಿ ಅನಿಲ ಮಾಡಲು ಶಾಖ ಬೇಕು. ಅದನ್ನು ದ್ರವ ತನ್ನ ಮೈಯಿಂದ, ಸಿಲಿಂಡರಿನ ತಗಡಿನಿಂದ ಕಿತ್ತುಕೊಳ್ಳುತ್ತದೆ.

"ನನ್ನ ಸಿಓಟು ರೆಗ್ಯುಲೇಟರಿಗೆ ಹೀಟರ್ ಹಾಕೀನಲ್ಲ, ಅದಕ್ಕೂ ಇದಕ್ಕೂ ಸಂಬಂಧ ಐತೇನು?" ಈ ಸಲ ಪ್ರಶ್ನೆ ಮಾವನದು, ದನಿಯಲ್ಲಿ ಆಸಕ್ತಿ ಇತ್ತು.

ಮಿಗ್ ವೆಲ್ಡಿಂಗ್ ಮಾಡುವವರೆಲ್ಲ ಬಲ್ಲ ಸಂಗತಿ ಅದು. ಸಿಲಿಂಡರಿಗೂ ರೆಗ್ಯುಲೇಟರಿಗೂ ನಡುವೆ ಕರೆಂಟಿನ ವೈರು ಸಿಕ್ಕಿಸಿದ ಸಣ್ಣ ಹೀಟರು ಕೂತಿರುತ್ತದೆ. ಅದನ್ನು ಹಾಕುವುದು ಮರೆತರೆ ಸ್ವಲ್ಪ ಹೊತ್ತಿಗೆ ರೆಗ್ಯುಲೇಟರಿನ ಮೈಮೇಲೆ ಬಿಳಿ ಮಂಜು ಕಟ್ಟುತ್ತದೆ, ಒಳಗಿನ ಸಣ್ಣ ತೂತು ಹಿಮಕ್ಕೆ ಕಟ್ಟಿಕೊಳ್ಳುತ್ತದೆ, ಗ್ಯಾಸು ಏರುಪೇರಾಗಿ ಬೆಸುಗೆಯಲ್ಲಿ ಗುಳ್ಳೆ ಬೀಳುತ್ತದೆ. ಹೊರಗೆ ನೆತ್ತಿ ಸುಡುವ ಬಿಸಿಲಿದ್ದರೂ ಹೀಗೇ.

"ಸಂಬಂಧ ಐತಿ, ಆದ್ರ ಅದು ಇನ್ನೊಂದು ಥರ. ಅನಿಲ ಸಣ್ಣ ತೂತಿನಿಂದ ಹೆಚ್ಚು ಒತ್ತಡದಿಂದ ಕಮ್ಮಿ ಒತ್ತಡಕ್ಕ ನುಗ್ಗಿದಾಗ ಕಣಗಳು ದೂರ ಸರೀತಾವ. ಒಂದನ್ನೊಂದು ಎಳಕೊಂಡು ಇದ್ದವು ಬ್ಯಾರೆ ಆಗಬೇಕಂದ್ರ ಶಕ್ತಿ ಬೇಕು. ಹೊರಗಿಂದ ಸಿಗದಿದ್ರ ತಮ್ಮ ಓಟದಾಗಿನ ಶಕ್ತಿನ ಖರ್ಚು ಮಾಡ್ತಾವ. ಓಟ ನಿಧಾನ ಆತು ಅಂದ್ರ ತಣ್ಣಗಾತು."

"ಸೂತ್ರದ ಅನಿಲ ಆಗಿದ್ರ?"

"ಒಂದು ಕೂದಲಿನಷ್ಟೂ ತಣ್ಣಗಾಗ್ತಿರಲಿಲ್ಲ. ಎಳೆತ ಇದ್ರಲ್ಲ ಬಿಡಿಸೋದು."

ಜೇಮ್ಸ್ ಜೂಲ್ ಮತ್ತು ವಿಲಿಯಂ ಥಾಮ್ಸನ್ ಇದನ್ನು 1850ರ ದಶಕದ ಆರಂಭದಲ್ಲಿ ಅಳೆಯಲು ತೊಡಗಿದರು. ಕೋಣೆಯ ಶಾಖದಲ್ಲಿ ಗಾಳಿ ಒಂದು ಬಾರ್ ಇಳಿದರೆ ಹೆಚ್ಚುಕಡಿಮೆ ಕಾಲು ಡಿಗ್ರಿ ತಣ್ಣಗಾಗುತ್ತದೆ. ಇಂಗಾಲದ ಡೈಆಕ್ಸೈಡ್ ಒಂದು ಡಿಗ್ರಿಗಿಂತ ಹೆಚ್ಚು. ಮಾವನ ಆಕ್ಸಿಜನ್ ರೆಗ್ಯುಲೇಟರು ತಣ್ಣಗಾದರೂ ಹೀಟರು ಬೇಡ, ಸಿಓಟುಗೆ ಬೇಕು ಎಂಬುದರ ಹಿಂದೆ ವ್ಯಾನ್ ಡರ್ ವಾಲ್ಸನ ಎ ಇದೆ. 1.38ಕ್ಕೂ 3.6ಕ್ಕೂ ಇರುವ ಅಂತರವೇ ಮಂಜಾಗಿ ಕಟ್ಟುತ್ತದೆ ಎಂದರೆ ತೀರ ತಪ್ಪಾಗದು.

ಸಿಓಟು ಸಿಲಿಂಡರಿನದು ಇನ್ನೊಂದು ವಿಚಿತ್ರ. ಮಾವನ ದೂರು ಹೀಗೆ: "ಚಳಿಗಾಲದಾಗ ಗೇಜು ಐವತ್ತೈದು-ಅರವತ್ತರಾಗ ನಿಂತುಬಿಡ್ತೈತಿ, ಸಿಲಿಂಡರು ಮುಗಿಯೋ ತನಕ ಅಲ್ಲಾಡಂಗಿಲ್ಲ. ಏಪ್ರಿಲ್ ಬಂತಂದ್ರ ಹೊಸ ಸಿಲಿಂಡರು ಹಚ್ಚಿದ ಕೂಡಲೇ ಮಧ್ಯಾಹ್ನ ನೂರರ ಮ್ಯಾಲ ತೋರಿಸ್ತೈತಿ, ಮೊದಲನೇ ದಿನದಿಂದನ ಇಳೀತಾ ಬರ್ತೈತಿ. ಒಂದೇ ಗ್ಯಾಸು, ಎರಡು ನಡತಿ."

"ಏಪ್ರಿಲಿನಾಗ ನಿನ್ನ ಶೆಡ್ಡಿನಾಗ ಎಷ್ಟು ಬಿಸಿ?"

"ನಲವತ್ತು ಎಲ್ಲಿಗೆ ಬಂತು! ತಗಡಿನ ಕೆಳಗ ಇನ್ನೂ ಜಾಸ್ತಿ."

"31 ಡಿಗ್ರಿ ದಾಟಿದ್ರ ಅದರಾಗ ದ್ರವನೂ ಇಲ್ಲ, ಅನಿಲನೂ ಇಲ್ಲ ಮಾವ. ಎರಡೂ ಒಂದ ಆಗಿರ್ತಾವ."

ಬೆಲ್‌ಫಾಸ್ಟಿನ ಥಾಮಸ್ ಆಂಡ್ರ್ಯೂಸ್ ಇದನ್ನು ಗಾಜಿನ ನಳಿಗೆಯಲ್ಲಿ ಕಣ್ಣಾರೆ ಕಂಡು, 1869ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದಿಟ್ಟ. ಇಂಗಾಲದ ಡೈಆಕ್ಸೈಡನ್ನು ನಿಧಾನ ಬಿಸಿ ಮಾಡುತ್ತ ಹೋದರೆ ದ್ರವಕ್ಕೂ ಅನಿಲಕ್ಕೂ ನಡುವಿನ ಗೆರೆ ಮಸುಕಾಗಿ, 31 ಡಿಗ್ರಿಯ ಹತ್ತಿರ ಅಳಿಸಿಹೋಗುತ್ತದೆ. ಆ ಉಷ್ಣತೆಯ ಮೇಲೆ ಎಷ್ಟು ಒತ್ತಿದರೂ ಗೆರೆ ಮರಳುವುದಿಲ್ಲ. ಬೆಲ್‌ಫಾಸ್ಟಿನ ಚಳಿಯಲ್ಲಿ ಆಂಡ್ರ್ಯೂಸ್ ನಳಿಗೆಯನ್ನು ಕಾಯಿಸಬೇಕಾಗಿತ್ತು. ಬಳ್ಳಾರಿ ಜಿಲ್ಲೆಯ ಬೇಸಿಗೆಯಲ್ಲಿ ಸೂರ್ಯನೇ ಆ ಪ್ರಯೋಗ ಮಾಡಿಕೊಡುತ್ತಾನೆ, ಸಿಲಿಂಡರು ಗಾಜಿನದಲ್ಲವಾದ್ದರಿಂದ ಯಾರಿಗೂ ಕಾಣುವುದಿಲ್ಲ. ಕಚೇರಿ, ಬ್ಯಾಂಕುಗಳ ಗೋಡೆಗೆ ತೂಗುಹಾಕಿದ ಸಿಓಟು ಬೆಂಕಿ ನಂದಿಸುವ ಸಿಲಿಂಡರುಗಳಿಗೂ ಇದೇ ಗತಿ. ಈ ಸ್ಥಿತಿಯಲ್ಲೂ ಸೂತ್ರ ಎಡವುತ್ತದೆ. 45 ಲೀಟರಿನ ಸಿಲಿಂಡರಿನಲ್ಲಿ 30 ಕೇಜಿ ಇದ್ದರೆ 40 ಡಿಗ್ರಿಗೆ ಸೂತ್ರ ಹೇಳುವ ಒತ್ತಡ 390 ಬಾರ್ ಮೀರುತ್ತದೆ. ನಿಜದಲ್ಲಿ 110ನ್ನು ಮುಟ್ಟುವುದಿಲ್ಲ.

ಪ್ರತಿ ಅನಿಲಕ್ಕೂ ಇಂಥ ಒಂದು ಗಡಿ ಉಂಟು. ಆಕ್ಸಿಜನ್ನಿನ ಗಡಿ ಶೂನ್ಯಕ್ಕಿಂತ 118 ಡಿಗ್ರಿ ಕೆಳಗೆ. ಆದ್ದರಿಂದ ಬಂಡ್ರಿಯಲ್ಲಿ ಆಕ್ಸಿಜನ್ ಸಿಲಿಂಡರು ಅಲ್ಲಾಡಿಸಿದರೆ ಯಾವ ಸದ್ದೂ ಬಾರದು, ಗೇಜಿನ ಮುಳ್ಳು ಪ್ರಾಮಾಣಿಕವಾಗಿ ಇಳಿಯುತ್ತದೆ. ಅದನ್ನು ದ್ರವ ಮಾಡಬೇಕೆಂದರೆ ಮೊದಲು ಆ ಚಳಿಗೆ ಒಯ್ಯಬೇಕು. ಆ ಚಳಿ ತರುವುದು ಯಾವುದರಿಂದ? ಜರ್ಮನಿಯ ಕಾರ್ಲ್ ವಾನ್ ಲಿಂಡೆ 1895ರಲ್ಲಿ ಕಂಡುಕೊಂಡ ದಾರಿ ಇದು: ಒತ್ತಿದ ಗಾಳಿಯನ್ನು ಸಣ್ಣ ತೂತಿನಿಂದ ಹಿಗ್ಗಲು ಬಿಡು, ಅದು ಒಂದಿಷ್ಟು ತಣ್ಣಗಾಗುತ್ತದೆ. ಆ ತಣ್ಣನೆ ಗಾಳಿಯನ್ನು ಹಿಂದಿನಿಂದ ಬರುವ ಗಾಳಿಯ ನಳಿಗೆಯ ಸುತ್ತ ಹಾಯಿಸಿ ಅದನ್ನೂ ತಣಿಸು. ಅದು ಹಿಗ್ಗಿದಾಗ ಇನ್ನೂ ತಣ್ಣಗಾಗುತ್ತದೆ. ಹೀಗೆ ಸುತ್ತು ಸುತ್ತಾಗಿ ಕಡೆಗೆ ಗಾಳಿಯೇ ಹನಿಯಾಗಿ ತೊಟ್ಟಿಕ್ಕುತ್ತದೆ. ಮಾವನ ರೆಗ್ಯುಲೇಟರಿಗೆ ಕಾಟ ಕೊಡುವ ಮಂಜನ್ನೇ ಲಿಂಡೆ ಉದ್ಯಮ ಮಾಡಿಕೊಂಡ. ಇಂದಿನ ದೊಡ್ಡ ಘಟಕಗಳಲ್ಲಿ ಚಳಿಯ ಬಹುಪಾಲು ಕೆಲಸವನ್ನು ಟರ್ಬೈನುಗಳು ಮಾಡುತ್ತವೆ. ಟರ್ಬೈನನ್ನು ತಿರುಗಿಸಿದರೆ ಆದರ್ಶ ಅನಿಲವೂ ತಣ್ಣಗಾದೀತು, ನಿಜ. ಆದರೆ ಹನಿಯಾಗಲು ಎಳೆತವೇ ಬೇಕು. ದ್ರವವಾದ ಮೇಲೆ ಬೇರ್ಪಡಿಸುವುದು ಸುಲಭ. ಸಾರಜನಕ ಶೂನ್ಯಕ್ಕಿಂತ 196 ಡಿಗ್ರಿ ಕೆಳಗೆ ಕುದಿಯುತ್ತದೆ, ಆರ್ಗಾನ್ 186, ಆಕ್ಸಿಜನ್ 183.

"ತೋರಣಗಲ್ಲಿನಾಗ ಇದ ಮಾಡ್ತಾರ" ಎಂದರು ಮಾವ.

"ಹೌದು. ಉಕ್ಕು ಮಾಡಾಕ ಆಕ್ಸಿಜನ್ ಬೇಕಲ್ಲ."

ಸಂಡೂರು ತಾಲ್ಲೂಕಿನದೇ ಆದ ತೋರಣಗಲ್ಲಿನಲ್ಲಿ ಜಿಂದಾಲ್ ಉಕ್ಕಿನ ಕಾರ್ಖಾನೆಗೆ ಹೊಂದಿಕೊಂಡು ಗಾಳಿಯನ್ನು ಒಡೆಯುವ ಘಟಕಗಳಿವೆ. ಕುಲುಮೆಗೆ ಹೋಗುತ್ತಿದ್ದ ಆ ಆಕ್ಸಿಜನ್ ಮನೆಮಾತಾದದ್ದು 2021ರ ಏಪ್ರಿಲ್-ಮೇನಲ್ಲಿ, ಕೋವಿಡ್ ಎರಡನೇ ಅಲೆಯ ಹೊತ್ತಿನಲ್ಲಿ. ಏಪ್ರಿಲ್ 22ರಿಂದ ಕೆಲವು ಉದ್ಯಮಗಳನ್ನು ಬಿಟ್ಟು ಉಳಿದ ಕೈಗಾರಿಕೆಗಳಿಗೆ ಆಕ್ಸಿಜನ್ ಪೂರೈಸುವುದನ್ನು ಕೇಂದ್ರ ಸರ್ಕಾರ ನಿಲ್ಲಿಸಿತು.

"ಆಗ ಕಟರ್ ಮೂಲಿಗೆ ಹಾಕಿದ್ದೆ. ಇದ್ದ ಸಿಲಿಂಡರು ಆಸ್ಪತ್ರಿಗೆ ಹೋದವು. ಬರೀ ಕರೆಂಟ್ ವೆಲ್ಡಿಂಗ್ ಮಾಡಿದೆ."

ಮೇ 5ರಂದು ಕರ್ನಾಟಕ ಹೈಕೋರ್ಟು ರಾಜ್ಯದ ದಿನದ ಪಾಲನ್ನು 1,200 ಟನ್ನಿಗೆ ಏರಿಸುವಂತೆ ಕೇಂದ್ರಕ್ಕೆ ಹೇಳಿತು, ಎರಡು ದಿನಗಳ ಮೇಲೆ ಸುಪ್ರೀಂ ಕೋರ್ಟು ಅದರಲ್ಲಿ ಕೈಹಾಕಲು ಒಪ್ಪಲಿಲ್ಲ. 1,200 ಟನ್ ಎಂದರೆ ಎಷ್ಟು? ಅಂಗಡಿಯಲ್ಲಿರುವಂಥ ಒಂದು ಜಂಬೋ ಸಿಲಿಂಡರು ತುಂಬಿದಾಗ ಅದರಲ್ಲಿರುವ ಆಕ್ಸಿಜನ್ ಒಂಬತ್ತೂವರೆ ಕೇಜಿಯ ಸುಮಾರು. ಆ ಲೆಕ್ಕಕ್ಕೆ ದಿನಕ್ಕೆ ಒಂದು ಲಕ್ಷದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಸಿಲಿಂಡರು. ಒಂಬತ್ತು ಕೇಜಿ ಗ್ಯಾಸಿಗೆ ಐವತ್ತು ಕೇಜಿ ಕಬ್ಬಿಣ ಹೊರುವ ಈ ವಿಧಾನದಲ್ಲಿ ಅದು ಆಗಹೋಗದ ಮಾತು. ದ್ರವವಾದರೆ ಒಂದು ಲೀಟರು ಹೊರಗೆ 870 ಲೀಟರಿನಷ್ಟು ಅನಿಲವಾಗಿ ಹರಡುತ್ತದೆ. 20 ಟನ್ನಿನ ಒಂದೇ ಟ್ಯಾಂಕರು ಎರಡು ಸಾವಿರ ಸಿಲಿಂಡರಿಗೆ ಸಮ. ತೋರಣಗಲ್ಲಿನಿಂದ ಬೆಂಗಳೂರಿನತ್ತ ಓಡಿದ್ದು ಇಂಥ ಟ್ಯಾಂಕರುಗಳು. ಅದೇ ಮೇ ತಿಂಗಳಲ್ಲಿ ಕಾರ್ಖಾನೆಯ ಬಳಿ ಸಾವಿರ ಹಾಸಿಗೆಯ ತಾತ್ಕಾಲಿಕ ಆಸ್ಪತ್ರೆ ಎದ್ದಿತು. ಅಲ್ಲಿಗೆ ಟ್ಯಾಂಕರೂ ಬೇಕಾಗಲಿಲ್ಲ, ಸಿಲಿಂಡರೂ ಬೇಕಾಗಲಿಲ್ಲ. ಘಟಕದಿಂದ ನೇರ ಪೈಪು ಎಳೆದು ಅನಿಲವನ್ನೇ ಹರಿಸಿದರು. ದ್ರವ ಮಾಡಿ ಸಾಗಿಸುವ ಶ್ರಮ ದೂರದೂರಿಗೆ ಮಾತ್ರ ಬೇಕೆಂಬುದು ಅಲ್ಲಿನ ಜಾಣತನ.

ಸ್ವಲ್ಪ ಹೊತ್ತು ಮಾವ ಸುಮ್ಮನಿದ್ದು, "ಹಂಗಾದ್ರ ಎಲ್ಲಾ ಗ್ಯಾಸೂ ತೂತಿನಿಂದ ಬಿಟ್ರ ತಣ್ಣಗ ಆಗ್ತಾವು ಅನ್ನು" ಎಂದರು.

"ಎರಡು ಬಿಟ್ಟು. ಹೀಲಿಯಂ, ಜಲಜನಕ. ಅವು ಬಿಸಿ ಆಗ್ತಾವ. ನಿಯಾನ್ ಅಂತ ಇನ್ನೊಂದೈತಿ, ಅದನ್ನ ಬಿಡು."

"ಬಿಸಿನಾ?"

"ಅವುಗಳ ಎಳೆತ ಅಷ್ಟು ಸಣ್ಣದು. ನಮ್ಮ ಬಿಸಿಲಿನಾಗ ಅವು ಓಡೋ ಜೋರಿಗೆ ಎಳೆತ ಲೆಕ್ಕಕ್ಕ ಬರಂಗಿಲ್ಲ, ಮೈಗೆ ಮೈ ಬಡಿದು ತಳ್ಳೋದ ಹೆಚ್ಚು. ಬಿಡಿಸಿದ್ರ ತಳ್ಳಾಟದಾಗ ಕೂಡಿಟ್ಟ ಶಕ್ತಿ ಓಟಕ್ಕ ಸೇರ್ತೈತಿ. ಜಲಜನಕನ ತಣ್ಣಗ ಮಾಡಬೇಕಂದ್ರ ಮೊದಲ ಅದನ್ನ ಶೂನ್ಯಕ್ಕಿಂತ 70-80 ಡಿಗ್ರಿ ಕೆಳಗ ಒಯ್ಯಬೇಕು, ಆಮ್ಯಾಲ ಈ ಉಪಾಯ ನಡೀತೈತಿ."

ಇದೇ ಕಾರಣಕ್ಕೆ ಜಲಜನಕವನ್ನು ದ್ರವ ಮಾಡುವುದು ಜೇಮ್ಸ್ ಡ್ಯೂವಾರನಿಗೆ 1898ರ ತನಕ ಸಾಧ್ಯವಾಗಲಿಲ್ಲ, ಹೀಲಿಯಂ 1908ರ ಜುಲೈ 10ರಂದು ಲೈಡನ್‌ನಲ್ಲಿ ಕಾಮರ್ಲಿಂಗ್ ಓನ್ಸನ ಕೈಗೆ ಸಿಕ್ಕಿತು. ಎಷ್ಟು ಚಳಿ ಬೇಕಾದೀತು ಎಂದು ಓನ್ಸ್ ಮೊದಲೇ ಅಂದಾಜು ಮಾಡಿದ್ದು ವ್ಯಾನ್ ಡರ್ ವಾಲ್ಸನ ಸಿದ್ಧಾಂತ ಹಿಡಿದು.

ಈಗ ಜಲಜನಕದಿಂದ ಓಡುವ ಕಾರು, ಬಸ್ಸುಗಳ ಮಾತು ಎಲ್ಲೆಡೆ ಇದೆ. ಅಂಥ ಕಾರಿನ ಟ್ಯಾಂಕಿನಲ್ಲಿ 700 ಬಾರ್ ಒತ್ತಡ. ಸೂತ್ರ ಹಿಡಿದರೆ ಒಂದು ಲೀಟರಿನಲ್ಲಿ 57 ಗ್ರಾಂ ಜಲಜನಕ ಇರಬೇಕು. ಇರುವುದು 40. ಹೊಸಪೇಟೆಯ ಸಿಎನ್‌ಜಿ ಆಟೋದಲ್ಲಿ ಇದರ ತದ್ವಿರುದ್ಧ ನಡೆಯುತ್ತದೆ. 200 ಬಾರ್‌ನಲ್ಲಿ ಮೀಥೇನ್ ಸೂತ್ರ ಹೇಳಿದ್ದಕ್ಕಿಂತ ಐದನೇ ಒಂದು ಪಾಲು ಹೆಚ್ಚೇ ಹಿಡಿಸುತ್ತದೆ. ಎಳೆತ ಇರುವ ಗ್ಯಾಸು ಗಾಡಿಯವನ ಕಡೆ, ಇಲ್ಲದ್ದು ಟ್ಯಾಂಕು ಮಾಡುವವನಿಗೆ ತಲೆನೋವು.

"ಮುಂದ ಜಲಜನಕ ಬಂಕ್ ಬಂದ್ರ ಅದರ ರೆಗ್ಯುಲೇಟರಿಗೆ ಹೀಟರ್ ಬೇಡ ಅನ್ನು."

"ಬೇಡ. ಬೇರೆ ದೇಶದಾಗ ಬಂಕಿನಾಗ ತುಂಬೋಕ ಮುಂಚೆ ಶೂನ್ಯಕ್ಕಿಂತ 40 ಡಿಗ್ರಿ ಕೆಳಗ ತಣ್ಣಗ ಮಾಡ್ತಾರ. ಇಲ್ಲಂದ್ರ ಗಬಗಬ ತುಂಬುವಾಗ ಟ್ಯಾಂಕು ಕಾಯ್ತೈತಿ."

"ನಮ್ಮ ಬಿಸಿಲಿನಾಗ ಆ ಕೂಲರಿಗೆ ಎಷ್ಟು ಕರೆಂಟ್ ಎಳೀತೈತೋ" ಎನ್ನುತ್ತ ಮಾವ ಸಿಓಟು ಹೀಟರಿನ ಪ್ಲಗ್ ಸಿಕ್ಕಿಸಿ, ಮುರಿದ ಟ್ರೇಲರ್ ಕೊಂಡಿಯನ್ನು ಇಕ್ಕಳದಿಂದ ಎಳೆದುಕೊಂಡರು.